ನಾಲ್ಕು ಬೋಲ್ಟು, ಐದು ಬೋಲ್ಟು



ಗಣಿತ ಕಲಿಸಿ ನಿವೃತ್ತನಾದ ಮುದುಕನಿಗೂ ಕಾರಿನ ಗಾಲಿಗೂ ಏನು ಸಂಬಂಧವೆಂದು ನೀವು ನಗಬಹುದು. ಸಂಬಂಧವಿದೆ, ಆದರೆ ಅದು ಹಿತವಾದುದಲ್ಲ. ಹಲವು ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಈ ಸಂಗತಿಯನ್ನು ಇಂದು ಬರೆದುಬಿಡುತ್ತೇನೆ.

ನನ್ನ ಬಾಲ್ಯದ ಹಿರೇಕೊಟ್ನೆಕಲ್ಲಿನಲ್ಲಿ ಗಾಲಿಯೆಂದರೆ ಬಂಡಿಯ ಗಾಲಿ. ಮಳೆಗಾಲದ ಎರೆಮಣ್ಣಿನಲ್ಲಿ ಅದು ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಬಡಿಗರ ಅಂಗಳದಲ್ಲಿ ಕುಳಿತು ಗುಂಬಕ್ಕೆ ಅರಗಳನ್ನು ಜೋಡಿಸುವುದನ್ನು ನೋಡುವುದೇ ನಮಗೊಂದು ಆಟ. ಎರಡು ಗಾಲಿಗಳು ಒಂದೇ ಎತ್ತರವಿದ್ದರೂ ಒಬ್ಬರ ಬಂಡಿಯ ಗಾಲಿ ಇನ್ನೊಬ್ಬರ ಅಚ್ಚಿಗೆ ಕೂಡುತ್ತಿರಲಿಲ್ಲ. ಗುಂಬದ ತೂತು ಒಂದು ನೂಲಿನಷ್ಟು ಸಡಿಲವಾದರೂ ಬಡಿಗರು ಅದನ್ನು ಬಂಡಿಗೆ ಹಾಕಗೊಡುತ್ತಿರಲಿಲ್ಲ. ಆ ಪಾಠ ಕಣ್ಣೆದುರಿಗೇ ಇತ್ತು, ನಾನು ಮರೆತಿದ್ದೆ.

ಒಂದು ಸಂಜೆ ರಾಯಚೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸರ್, ನಾಲ್ಕು ತೂತಿನ ಗಾಲಿಯಾದರೆ ಎದುರುಬದುರಿನ ತೂತುಗಳ ನಡುವೆ ಅಳೆದರೆ ವೃತ್ತದ ವ್ಯಾಸ ಸಿಗುತ್ತದೆ. ಐದು ತೂತಿದ್ದರೆ ಎದುರಿಗೆ ತೂತೇ ಇರುವುದಿಲ್ಲ. ಅಳೆಯುವುದು ಹೇಗೆ?"

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಶಾಲೆ ಬಿಟ್ಟು ಇಪ್ಪತ್ತು ವರ್ಷಗಳಾದ ಮೇಲೂ ಒಬ್ಬ ಹುಡುಗ ರೇಖಾಗಣಿತದ ಪ್ರಶ್ನೆ ಕೇಳುತ್ತಾನಲ್ಲ! ವೃತ್ತದೊಳಗೆ ಸಮಪಂಚಭುಜವನ್ನು ಎಳೆದುಕೋ, ಪಕ್ಕಪಕ್ಕದ ಎರಡು ತೂತುಗಳ ಮಧ್ಯಬಿಂದುಗಳ ಅಂತರವನ್ನು 36 ಡಿಗ್ರಿಯ ಸೈನ್ ಬೆಲೆಯಿಂದ, ಅಂದರೆ 0.588ರಿಂದ, ಭಾಗಿಸು ಎಂದೆ. ಆತನ ಅಳತೆ 67.2 ಮಿಲಿಮೀಟರ್. ಭಾಗಿಸಿದಾಗ ಬಂದದ್ದು 114.3, ಅಂದರೆ ಸರಿಯಾಗಿ ನಾಲ್ಕೂವರೆ ಅಂಗುಲ. "ಶಹಬ್ಬಾಸ್" ಎಂದು ಮಾತು ಮುಗಿಸಿದೆ. ಅದು ಯಾವ ಗಾಲಿ, ಯಾವ ಕಾರಿಗೆ ಎಂದು ಕೇಳಲಿಲ್ಲ.

ಆತನ ಬಳಿ ಇದ್ದುದು 2018ರಲ್ಲಿ ಭಾರತಕ್ಕೆ ಬಂದ ಪೀಳಿಗೆಯ ಮಾರುತಿ ಸ್ವಿಫ್ಟ್. ಅದರ ಗಾಲಿಗೆ ನಾಲ್ಕು ಬೋಲ್ಟು, 100 ಮಿಲಿಮೀಟರ್ ವೃತ್ತ. ಅದೇ ಪೀಳಿಗೆಯ ಸ್ವಿಫ್ಟ್ ಸ್ಪೋರ್ಟ್ ಎಂಬ ವೇಗದ ಕಾರನ್ನು ಸುಜುಕಿಯವರು 2017ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ್ದರು. ಅದು ನಮ್ಮ ದೇಶದ ಮಾರುಕಟ್ಟೆಗೆ ಬರಲಿಲ್ಲ. ಹೆಸರು ಒಂದೇ, ಮುಖವೂ ಹೆಚ್ಚುಕಡಿಮೆ ಒಂದೇ. ಆದರೆ ಅದರ ಗಾಲಿಗೆ ಐದು ಬೋಲ್ಟು, 114.3ರ ವೃತ್ತ. ನಡುವಿನ ತೂತು ಇಲ್ಲಿ 54.1 ಮಿಲಿಮೀಟರ್, ಅಲ್ಲಿ 60.1. ಆ ಕಾರಿನ ಚಿತ್ರಗಳನ್ನು ನೋಡಿ ಮರುಳಾದ ಹುಡುಗ ಅದೇ ನಮೂನೆಯ ಐದು ತೂತಿನ ಅಲಾಯ್ ಗಾಲಿಗಳನ್ನು ಕೊಂಡು, ಒಂದು ಅಂಗಡಿಯಲ್ಲಿ ಅಡಾಪ್ಟರ್ ಬಿಲ್ಲೆಗಳ ಮೂಲಕ ತನ್ನ ಕಾರಿಗೆ ಕೂಡಿಸಿದ್ದ. ಬಿಲ್ಲೆಯನ್ನು ನಾಲ್ಕು ನಟ್ಟುಗಳಿಂದ ಗುಂಬಕ್ಕೆ ಬಿಗಿದು, ಬಿಲ್ಲೆಗೆ ಗಾಲಿಯನ್ನು ಐದು ನಟ್ಟುಗಳಿಂದ ಬಿಗಿಯುವ ಏರ್ಪಾಡು ಅದು.

ಮೂರು ವಾರಗಳ ಬಳಿಕ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಊರಿಗೆ ಬರುತ್ತಿದ್ದಾಗ ಮಾನ್ವಿಯ ರಸ್ತೆಯಲ್ಲಿ ಸ್ಟಿಯರಿಂಗ್ ನಡುಗತೊಡಗಿತು. ನಿಲ್ಲಿಸಿ ನೋಡಿದರೆ ಹೊರಗಿನ ಐದೂ ನಟ್ಟುಗಳು ಬಿಗಿಯಾಗಿಯೇ ಇವೆ. ಸ್ವಲ್ಪ ದೂರ ಹೋದ ಮೇಲೆ ಕಟಕಟ ಸದ್ದು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಮುಂದಿನ ಗಾಲಿ ಓಲಾಡುವುದನ್ನು ಕಂಡು ಕೂಗಿ ನಿಲ್ಲಿಸಿದ. ಗಾಲಿ ಬಿಚ್ಚಿದಾಗ, ಅದರ ಹಿಂದೆ ಅಡಗಿದ್ದ ನಾಲ್ಕು ನಟ್ಟುಗಳಲ್ಲಿ ಎರಡು ಕಳಚಿದ್ದವು, ಮೂರನೆಯದು ಬೆರಳಿಗೇ ತಿರುಗುತ್ತಿತ್ತು. ನಾಲ್ವರನ್ನು ಹೊತ್ತ ಆ ಮೂಲೆಯನ್ನು ಹಿಡಿದಿದ್ದುದು ಒಂದೇ ನಟ್ಟು.

ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಆತ ನಮ್ಮ ಮನೆಗೇ ಬಂದ. ಮಕ್ಕಳು ಹಾಲು ಕುಡಿದು ಮಲಗಿದರು. ನನಗೆ ನಿದ್ದೆ ಬರಲಿಲ್ಲ.

ಅನಂತರ ನಾನು ಕಲಿತದ್ದು ಇಷ್ಟು. ಗಾಲಿಯ ಭಾರವನ್ನು ಹೊರುವುದು ಬೋಲ್ಟುಗಳಲ್ಲ, ಅವುಗಳ ಬಿಗಿತ. ನಟ್ಟು ಬಿಗಿದಾಗ ಗಾಲಿಯ ಮುಖವು ಗುಂಬದ ಮುಖಕ್ಕೆ ಒತ್ತಿಕೊಳ್ಳುತ್ತದೆ. ಆ ಒತ್ತಡದ ಘರ್ಷಣೆಯೇ ಗಾಲಿಯನ್ನು ಹಿಡಿಯುವುದು. ಬಿಗಿತ ಸಡಿಲಿದರೆ ಬೋಲ್ಟು ಪ್ರತಿ ಸುತ್ತಿಗೂ ಬಾಗಿ, ದಣಿದು, ಕೊನೆಗೆ ಮುರಿಯುತ್ತದೆ. ನಮ್ಮ ಸ್ವಿಫ್ಟಿನ 1.2 ಲೀಟರ್ ಎಂಜಿನ್ನಿನ ತಿರುಚುಬಲ 113 ನ್ಯೂಟನ್ ಮೀಟರ್, ಸ್ಪೋರ್ಟಿನ 1.4 ಲೀಟರ್ ಟರ್ಬೊ ಎಂಜಿನ್ನಿನದು 230, ಅಂದರೆ ಎರಡು ಪಟ್ಟು. ಬಲ ಹೆಚ್ಚಿದಂತೆ ಬ್ರೇಕು ದೊಡ್ಡದಾಗಬೇಕು, ಗುಂಬ ಗಟ್ಟಿಯಾಗಬೇಕು. ಐದನೆಯ ಬೋಲ್ಟು ಬರುವುದು ಆ ಎಲ್ಲದರ ಜೊತೆಗೆ. ಸಾಧಾರಣ ಕಾರಿನ ನಾಲ್ಕು ಬೋಲ್ಟು ಬಡತನವಲ್ಲ, ಅದರ ಕೆಲಸಕ್ಕೆ ಅಷ್ಟು ಸಾಕು.

ವೇಗದ ಕಾರೆಂದ ಮಾತ್ರಕ್ಕೆ ಅಳತೆ ಬದಲಾಗಲೇಬೇಕೆಂದೂ ಇಲ್ಲ. 2016ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐಗೂ ಸಾಧಾರಣ ಪೋಲೊಗೂ ಒಂದೇ ಅಳತೆ: ಐದು ಬೋಲ್ಟು, 100ರ ವೃತ್ತ. ಹೋಂಡಾ ಸಿವಿಕ್‌ನ ಹತ್ತನೆಯ ಪೀಳಿಗೆಯಲ್ಲಿ ಬೋಲ್ಟು ಐದೇ, ಆದರೆ ಸಾಧಾರಣ ಕಾರಿಗೆ 114.3, ಟೈಪ್ ಆರ್ ಕಾರಿಗೆ 120. ಹೆಸರು ನೋಡಿ ನಿರ್ಧರಿಸುವಂತಿಲ್ಲ. ಕಣ್ಣಳತೆಯೂ ಮೋಸವೇ. ದೊಡ್ಡ ವೃತ್ತದ ಐದು ತೂತುಗಳ ನಡುವಿನ ಅಂತರ 67.2 ಮಿಲಿಮೀಟರ್, ಚಿಕ್ಕ ವೃತ್ತದ ನಾಲ್ಕು ತೂತುಗಳ ನಡುವೆ 70.7. ದೊಡ್ಡದು ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಇನ್ನು 98 ಮತ್ತು 100ರ ವೃತ್ತಗಳ ವ್ಯತ್ಯಾಸ ಎರಡೇ ಮಿಲಿಮೀಟರ್. ಗಾಲಿ ಕೂತಂತೆಯೇ ತೋರುತ್ತದೆ, ನಟ್ಟು ಮಾತ್ರ ಓರೆಯಾಗಿ ಕೂರುತ್ತದೆ.

ಹುಡುಗ ನನ್ನನ್ನು ದೂರಲಿಲ್ಲ. "ನಿಮ್ಮ ಲೆಕ್ಕ ಸರಿಯೇ ಇತ್ತು ಸರ್" ಎಂದ. ಆ ಮಾತೇ ನನ್ನನ್ನು ಚುಚ್ಚಿತು. ಮೂವತ್ತು ವರ್ಷಗಳ ಕಾಲ ಉತ್ತರಪತ್ರಿಕೆಗಳಲ್ಲಿ ಲೆಕ್ಕ ಸರಿಯಿದೆಯೇ ಎಂದಷ್ಟೇ ನೋಡಿದವನು ನಾನು. ಯಾತಕ್ಕಾಗಿ ಈ ಲೆಕ್ಕ ಎಂದು ಕೇಳುವುದನ್ನು ನಿಮಗೂ ಕಲಿಸಲಿಲ್ಲ, ನಾನೂ ಕಲಿಯಲಿಲ್ಲ. "ಯಾವ ಅಚ್ಚಿಗೆ?" ಎಂಬ ಬಡಿಗರ ಒಂದೇ ಪ್ರಶ್ನೆಯನ್ನು ಅಂದು ಕೇಳಿದ್ದರೆ ಸಾಕಿತ್ತು.

ಆದುದರಿಂದ ಕಾರುಳ್ಳ ನಿಮ್ಮೆಲ್ಲರಲ್ಲಿ ಒಂದು ವಿನಂತಿ. ಗಾಲಿ ಬದಲಿಸುವುದಾದರೆ ಬೋಲ್ಟುಗಳ ಸಂಖ್ಯೆ, ವೃತ್ತದ ಅಳತೆ, ನಡುವಿನ ತೂತು ಮೂರನ್ನೂ ಕೈಪಿಡಿಯೊಡನೆ ತಾಳೆ ನೋಡಿ. ನಟ್ಟುಗಳನ್ನು ಸಾಲಾಗಿ ಬಿಗಿಯದೆ, ನಾಲ್ಕಿದ್ದರೆ ಎದುರುಬದುರು ಬಿಗಿಯಿರಿ. ಐದಿದ್ದರೆ ಚಿಕ್ಕವರಿದ್ದಾಗ ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುತ್ತಿದ್ದಿರಲ್ಲ, ಅದೇ ಕ್ರಮದಲ್ಲಿ. ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಇನ್ನೊಮ್ಮೆ ಬಿಗಿತ ಪರೀಕ್ಷಿಸಿ.

ಆ ಹುಡುಗನ ಕಾರಿಗೆ ಈಗ ಹಳೆಯ ಗಾಲಿಗಳೇ ಇವೆ. ಹೋದ ತಿಂಗಳು ಮಕ್ಕಳೊಡನೆ ಬಂದು ಹೋದ. ಅವರು ಹೊರಡುವಾಗ ನಾನು ಬಗ್ಗಿ ನಾಲ್ಕೂ ಗಾಲಿಗಳ ನಟ್ಟುಗಳನ್ನು ಎಣಿಸಿದೆ. ಮಕ್ಕಳು ನಕ್ಕರು. ನಗಲಿ.