ಚಿತ್ರಿಸಿದ ನರಸಿಂಹ

ನಮಗೆ ಸಿನಿಮಾ ನೋಡುವ ಅಭ್ಯಾಸ ಕಡಮೆ. ಹಾಗೆಂದು ಸಿನಿಮಾವನ್ನು ಕಂಡರೆ ಮುಖ ಸಿಂಡರಿಸತಕ್ಕವರ ಪೈಕಿಯೂ ನಾವಲ್ಲ. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ, ಕೈಯಲ್ಲಿ ನಾಲ್ಕು ಕಾಸು ಮಿಕ್ಕರೆ ಎರಡನೆಯ ಆಟಕ್ಕೆ ನುಗ್ಗಿ, ನಡುರಾತ್ರಿಯಲ್ಲಿ ಊರಿಗೆ ನಡೆದು ಬಂದ ಕಾಲವೂ ನಮಗೆ ಉಂಟು. ಈಚೆಗೆ ಮೊಣಕಾಲು ಒಪ್ಪುವುದಿಲ್ಲ. ಕಿವಿಯಂತೂ ಮೊದಲೇ ಒಪ್ಪುವುದಿಲ್ಲ. ಹೀಗಿದ್ದರೂ 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಸ್ವಾತಂತ್ರ್ಯೋತ್ಸವದ ರಜೆಗೆಂದು ಮಗ, ಸೊಸೆ, ಮೊಮ್ಮಗ ಬೆಂಗಳೂರಿನಿಂದ ಬಂದಿದ್ದಾಗ, ಎಲ್ಲರೂ ರೈಲು ಹತ್ತಿ ತುಮಕೂರಿಗೆ ಹೋಗಿ ಒಂದು ಚಿತ್ರವನ್ನು ನೋಡಿ ಬಂದೆವು. ಆ ವರ್ಷ ಕೊಬ್ಬರಿಯ ದರ ಬಲು ಮೇಲಕ್ಕೆ ಏರಿದ್ದುದರಿಂದ ನಮ್ಮ ಮನಸ್ಸೂ ಸ್ವಲ್ಪ ಉದಾರವಾಗಿದ್ದಿತೆಂದು ಒಪ್ಪಿಕೊಳ್ಳಬೇಕು.

ಚಿತ್ರದ ಹೆಸರು 'ಮಹಾವತಾರ ನರಸಿಂಹ'. ಅಶ್ವಿನ್ ಕುಮಾರ್ ಎಂಬವರು ನಿರ್ದೇಶಿಸಿ, ಕ್ಲೀಂ ಪ್ರೊಡಕ್ಷನ್ಸ್ ಎಂಬ ಸಂಸ್ಥೆಯವರು ತಯಾರಿಸಿ, ಬೆಂಗಳೂರಿನ ಹೊಂಬಾಳೆ ಫಿಲಂಸ್‌ನವರು ಲೋಕದ ಮುಂದಿಟ್ಟದ್ದು. ಕೆ.ಜಿ.ಎಫ್., ಕಾಂತಾರಗಳನ್ನು ತೆಗೆದವರೂ ಈ ಹೊಂಬಾಳೆಯವರೇ. ಹೊಂಬಾಳೆ ಎಂಬ ಮಾತು ತೋಟದವರಾದ ನಮ್ಮ ಕಿವಿಗೆ ಇಂಪಾಗಿರುವುದು ಸಹಜ. ಜುಲೈ 25ರಂದು ತೆರೆಗೆ ಬಂದ ಈ ಚಿತ್ರದಲ್ಲಿ ನಟರಿಲ್ಲ. ಎಲ್ಲವೂ ಗಣಕಯಂತ್ರದಲ್ಲಿ ಚಿತ್ರಿಸಿದ್ದು. ಆದರೂ ಜನ ಮುಗಿಬಿದ್ದು ನೋಡಿದರು. ಭರತಖಂಡದಲ್ಲಿ ಈ ಜಾತಿಯ ಚಿತ್ರವೊಂದು ಅದಕ್ಕೆ ಮೊದಲು ಅಷ್ಟು ಹಣವನ್ನು ಗಳಿಸಿರಲಿಲ್ಲ.

ಬಾಗಿಲಲ್ಲಿ ಕೊಟ್ಟ ಕಪ್ಪು ಕನ್ನಡಕವನ್ನು ನಮ್ಮ ಕನ್ನಡಕದ ಮೇಲೆ ಏರಿಸಿಕೊಂಡು ಕುಳಿತೆವು. ಮೊದಲು ವರಾಹಾವತಾರ, ಹಿರಣ್ಯಾಕ್ಷನ ವಧೆ. ಅನಂತರ ಅವನ ಅಣ್ಣನ ತಪಸ್ಸು, ಪ್ರಹ್ಲಾದನ ಜನನ, ಕಡೆಗೆ ಕಂಬ. ಕಂಬ ಬಿರಿದಾಗ ನಮ್ಮ ಮನೆಯವರು ಕೈ ಮುಗಿದರು. ಹಿಂದಿನ ಸಾಲಿನಲ್ಲಿ ಯಾರೋ ಗೋವಿಂದ ಎಂದರು. ಹತ್ತು ವರ್ಷದ ಮೊಮ್ಮಗ ನಮ್ಮ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಭಯವಿಲ್ಲವೆಂದು ತಾನಾಗಿಯೇ ಹೇಳಿದನು.

ನಾವು ಹುಡುಗರಾಗಿದ್ದಾಗ ನಮ್ಮ ಸೀಮೆಯಲ್ಲಿ ಮೂಡಲಪಾಯದ ಆಟ ಬೆಳಗಿನವರೆಗೂ ನಡೆಯುತ್ತಿದ್ದಿತು. ಪ್ರಹ್ಲಾದ ಚರಿತ್ರೆಯಾದರೆ ಹೆಂಗಸರೂ ಮಕ್ಕಳೂ ಚಾಪೆ ಹಿಡಿದು ಸಂಜೆಗೇ ಹೋಗಿ ಕುಳಿತುಬಿಡುವರು. ಬಿದಿರಿನ ದಬ್ಬೆಗೆ ಕಾಗದ ಅಂಟಿಸಿದ ಕಂಬ, ಒಳಗೆ ವೇಷಧಾರಿ. ಅವನು ಹೊರಬೀಳುವ ಹೊತ್ತಿಗೆ ಮುಖವೀಣೆ ಕಿರುಚಿ, ಮದ್ದಳೆ ಗುಡುಗಿ, ಆವೇಶ ಮಿತಿಮೀರೀತೆಂದು ಇಬ್ಬರು ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ನಿಲ್ಲುವರು. ಬೆಳಗ್ಗೆ ಆ ವೇಷಧಾರಿಯೇ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದುದನ್ನು ಕಂಡು ನಮಗೆ ಆದ ನಿರಾಶೆ ಅಷ್ಟಿಷ್ಟಲ್ಲ. ಚಿತ್ರಿಸಿದ ನರಸಿಂಹನಿಂದ ಆ ನಿರಾಶೆಯಿಲ್ಲ. ಅವನು ಇನ್ನೊಂದು ಚಿತ್ರದಲ್ಲಿ ಕುಡುಕನಾಗಿ ಬರುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ. ಮನುಷ್ಯನಲ್ಲದ, ಮೃಗವೂ ಅಲ್ಲದ ರೂಪವನ್ನು ತೋರಿಸುವುದಕ್ಕೆ ಮನುಷ್ಯನ ಮೈಗಿಂತ ಚಿತ್ರವೇ ಮೇಲೆಂಬುದು ನಮ್ಮ ಮತ. ನಮ್ಮ ತೊಗಲುಬೊಂಬೆಯವರಿಗೆ ಇದು ಹಿಂದೆಯೇ ತಿಳಿದಿದ್ದಿತು. ಜರ್ಮನಿಯಲ್ಲಿ ಲೋಟೆ ರೈನಿಗರ್ ಎಂಬಾಕೆ 1926ರಲ್ಲಿ ಕಾಗದವನ್ನು ಕತ್ತರಿಸಿ, ಬರಿಯ ನೆರಳುಗಳಿಂದಲೇ ಅರಬ್ಬೀ ರಾಜಕುಮಾರನ ಕಥೆಯನ್ನು ತೆರೆಗೆ ತಂದುದೂ ಇಂಥದೇ ಉಪಾಯದಿಂದ.

ಆದರೆ ಕಂಬದೊಳಗಿನಿಂದ ಬಂದವನಿಗೆ ಒದಗಿದ ಚಿತ್ರ, ಕಂಬದ ಮುಂದೆ ನಿಂತ ತಂದೆಗೆ ಒದಗಲಿಲ್ಲ. ಹಿರಣ್ಯಕಶಿಪುವಿನ ತೋಳು ತೊಡೆಗಳೇನೋ ಗರಡಿಯ ಪೈಲ್ವಾನರನ್ನು ನಾಚಿಸುವಂತಿದ್ದುವು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗುರುಗಳು ಏನು ಕಲಿಸಿದರಪ್ಪಾ ಎಂದು ಕೇಳಿ, ಬಂದ ಉತ್ತರಕ್ಕೆ ಎದೆ ಒಡೆಯತಕ್ಕ ಆ ಗಳಿಗೆಯಲ್ಲಿ ಮಾತ್ರ ಅವನ ಮುಖ ಮೇಣದ ಮುಖದಂತೆ ತೋರಿತು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರರು ಹಿರಣ್ಯಕಶಿಪು, ಅವರ ಮಗ ಪುನೀತನೇ ಪ್ರಹ್ಲಾದ. ಅಲ್ಲಿ ತಂದೆ ಗದರಿಸುತ್ತಿರುವಾಗಲೂ ಅವನ ಕಣ್ಣು ಮಗುವನ್ನು ಮುದ್ದಿಸುತ್ತಿರುತ್ತದೆ. ಅದನ್ನು ನೋಡಿದವರಿಗೆ ದೈತ್ಯನ ಮೇಲೆ ಸಿಟ್ಟು ಬರುವುದಿಲ್ಲ, ಮರುಕ ಬರುತ್ತದೆ. ತಂದೆಯೂ ಇಲ್ಲ, 2021ರ ಅಕ್ಟೋಬರಿನಿಂದ ಮಗನೂ ಇಲ್ಲ. ಈಗ ಅದನ್ನು ನೋಡುವುದು ನಮ್ಮಿಂದಾಗದ ಕೆಲಸ.

ಈ ತಂದೆಯ ವಿಚಾರದಲ್ಲಿ ನಾವು ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಕಾರಣವುಂಟು. ನಮ್ಮ ಮಗ ಹುಡುಗನಾಗಿದ್ದಾಗ, ಜಪಾನಿನ ಯೂಗೋ ಸಾಕೋ ಎಂಬವರು ನಮ್ಮ ದೇಶದ ರಾಮ್ ಮೋಹನರೊಡನೆ ಸೇರಿ 1993ರಲ್ಲಿ ತೆಗೆದ ರಾಮಾಯಣದ ಚಿತ್ರವನ್ನು ಟೆಲಿವಿಷನ್ನಿನಲ್ಲಿ ಕಂಡು, ಅಂದಿನಿಂದ ಮನೆಯ ಗೋಡೆಗಳನ್ನೆಲ್ಲ ಇದ್ದಲಿನಿಂದ ತುಂಬಿಸಿದನು. ಮುಂದೆ ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದನು. ಫಲ ಬಿಡುವ ತೋಟವನ್ನು ಬಿಟ್ಟು ಗೊಂಬೆ ಬರೆಯುವುದೇ ಎಂದು ನಾವು ಕೂಗಾಡಿದೆವು. ಬೆಟ್ಟದಿಂದ ತಳ್ಳಲಿಲ್ಲ, ಆನೆಯ ಕಾಲಿಗೆ ಹಾಕಲಿಲ್ಲ. ಆದರೆ ಎರಡು ವರ್ಷ ಮಾತು ಬಿಟ್ಟಿದ್ದೆವು. ಆಮೇಲೆ ಮಾತು ಬಂದಿತು. ಅವನ ಕೆಲಸದ ಮಾತು ಬರಲಿಲ್ಲ. ಮಗ ಏನು ಮಾಡುತ್ತಾನೆಂದು ನಂಟರು ಕೇಳಿದರೆ 'ಕಂಪ್ಯೂಟರ್' ಎಂದು ಹೇಳಿ ಬೇರೆ ಮಾತಿಗೆ ಹೊರಳುತ್ತಿದ್ದೆವು.

ಇರಲಿ. ಚಿತ್ರ ಮುಗಿದು ದೀಪ ಹತ್ತಿತು. ನಾವು ಎದ್ದೆವು. ಮೊಮ್ಮಗ ಏಳಗೊಡಲಿಲ್ಲ. ಇಂಗ್ಲಿಷಿನ ವೀರಪುರುಷರ ಚಿತ್ರಗಳಲ್ಲಿ ಹೆಸರುಗಳೆಲ್ಲ ಸರಿದುಹೋದ ಮೇಲೆ ಮುಂದಿನ ಕಥೆಯ ಸುಳಿವೊಂದನ್ನು ತೋರಿಸುವ ವಾಡಿಕೆಯಂತೆ. ಮಾರ್ವೆಲ್ ಎಂಬ ಸಂಸ್ಥೆಯವರು 2008ರಿಂದ 2019ರವರೆಗೆ ಹೀಗೆಯೇ 23 ಚಿತ್ರಗಳನ್ನು ಒಂದಕ್ಕೊಂದು ಗಂಟುಹಾಕಿದರಂತೆ. ನಮ್ಮವರೂ ಅದೇ ಜಾಡನ್ನು ಹಿಡಿದು ಏಳು ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿದ್ದಾರೆ: 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, 2035 ಮತ್ತು 2037ಕ್ಕೆ ಎರಡು ಭಾಗಗಳಲ್ಲಿ ಕಲ್ಕಿ. ಮೊಮ್ಮಗ ಇದನ್ನು ಮಗ್ಗಿಯಂತೆ ಒಪ್ಪಿಸಿದನು. ನಮ್ಮ ಮನೆಯವರು ಕೂಡಲೆ, "ದ್ವಾರಕೆಯಲ್ಲಿ ದೊರೆಯಾದ ಮೇಲೆ ಗೋಕುಲಕ್ಕೆ ಬಂದು ಬೆಣ್ಣೆ ಕದಿಯುತ್ತಾನೇನೋ?" ಎಂದು ಕೇಳಿದರು. ಉತ್ತರ ಯಾರಲ್ಲಿಯೂ ಇರಲಿಲ್ಲ. ನಮ್ಮ ಆಕ್ಷೇಪಣೆ ಬೇರೆ. ಈ ಕಥೆಗೆ ನಿಜವಾದ ಮುಂದಿನ ಭಾಗವೊಂದಿದ್ದರೆ ಅದು ವಾಮನನದು; ಏಕೆಂದರೆ ಬಲಿ ಚಕ್ರವರ್ತಿ ಪ್ರಹ್ಲಾದನ ಮೊಮ್ಮಗ. ತಂದೆಯ ಮಾತನ್ನು ಮೀರಿದ ಹುಡುಗ ತಾನೂ ತಾತನಾಗಿ, ಮೊಮ್ಮಗನ ಪಾಡನ್ನು ನೋಡುತ್ತ ನಿಲ್ಲುತ್ತಾನೆ. ಅದನ್ನೇ ಪಟ್ಟಿಯಿಂದ ಬಿಟ್ಟಿದ್ದಾರೆ! ಮೂಡಲಪಾಯದವರು ಬೆಳಕು ಹರಿಯುವಾಗ ಮಂಗಳ ಹಾಡಿ ಕಥೆಯನ್ನು ಮುಗಿಸಿ ಮನೆಗೆ ಕಳುಹಿಸುತ್ತಿದ್ದರು. ಮುಂದಿನದಕ್ಕೆ ಎರಡು ವರ್ಷ ಕಾಯಿರೆಂದು ಹೇಳುವ ಕಥೆಯಲ್ಲಿ ಸತ್ತ ತಂದೆಗಾಗಿ ಅಳುವುದಕ್ಕೆ ಪುರುಸೊತ್ತೆಲ್ಲಿ?

ಮೊಮ್ಮಗ ಸುಳಿವಿಗಾಗಿ ಕಾಯುತ್ತಿದ್ದರೆ, ನಮ್ಮ ಮಗ ತೆರೆಯ ಮೇಲೆ ಸರಿಯುತ್ತಿದ್ದ ಸಣ್ಣಕ್ಷರದ ಹೆಸರುಗಳನ್ನು ಒಂದೂ ಬಿಡದೆ ಓದುತ್ತಿದ್ದನು. ಮದುವೆಯ ಮುಯ್ಯಿ ಪಟ್ಟಿಯಷ್ಟು ಉದ್ದ. "ನಿನ್ನ ಹೆಸರು ಉಂಟೇನು?" ಎಂದೆವು. "ಇದರಲ್ಲಿ ನಾನು ಕೆಲಸ ಮಾಡಿಲ್ಲಪ್ಪ" ಎಂದನು. "ಹಾಗಾದರೆ ಯಾವುದರಲ್ಲಿ ಉಂಟು?" ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರದೇಶದ ಒಂದು ದೊಡ್ಡ ಚಿತ್ರಕ್ಕಾಗಿ ಎಂಟು ತಿಂಗಳು ಒಂದು ಸಿಂಹದ ಕೇಸರವನ್ನು ಮಾಡಿದೆನೆಂದೂ, ಅದರಲ್ಲಿ ಹೆಸರು ಬರಲಿಲ್ಲವೆಂದೂ ಹೇಳಿದನು.

ಆ ಸಂಜೆ ರೈಲಿನಲ್ಲಿ, ಹದಿನೈದು ವರ್ಷಗಳಲ್ಲಿ ಮೊದಲ ಸಲ, ನೀನು ಮಾಡುವುದೇನೆಂದು ನಾವು ಮಗನನ್ನು ಕೇಳಿದೆವು. ಒಂದು ಸೆಕೆಂಡಿಗೆ 24 ಚಿತ್ರಗಳು. ಮೊದಲು ಜೇಡಿಮಣ್ಣಿನ ಬೊಂಬೆಯಂತೆ ಮೈ, ಒಳಗೆ ಅಲುಗಾಡತಕ್ಕ ಎಲುಬಿನ ಹಂದರ, ಮೇಲೆ ಚರ್ಮ, ಬೆಳಕು. ಒಬ್ಬೊಬ್ಬರದು ಒಂದೊಂದು ಕೆಲಸ. ಇವನ ಪಾಲಿಗೆ ಬಂದದ್ದು ಕೂದಲು. ಗಾಳಿ ಬಂದರೆ ಯಾವ ಎಳೆ ಏಳಬೇಕು, ನೀರು ಬಿದ್ದರೆ ಯಾವುದು ಯಾವುದಕ್ಕೆ ಅಂಟಬೇಕು, ತಲೆ ತಿರುಗಿಸಿದ ಎಷ್ಟು ಹೊತ್ತಿಗೆ ಕೇಸರ ಹಿಂದೆ ಹೊರಳಬೇಕು! ಚಿಕ್ಕಂದಿನಲ್ಲಿ ನಮ್ಮ ತೋಟದ ಗರಿಗಳು ಮುಂಗಾರಿನ ಗಾಳಿಗೆ ತೊನೆಯುವುದನ್ನು ನೋಡಿದ್ದು ಉಪಯೋಗಕ್ಕೆ ಬಂತೆಂದನು. ನಮ್ಮನ್ನು ಸಂತೋಷಪಡಿಸಲು ಹೇಳಿದನೋ, ನಿಜವೋ, ಕೇಳಲಿಲ್ಲ.

ಅಂದು ರಾತ್ರಿ ಮೊಮ್ಮಗ ನಿದ್ದೆಯಲ್ಲಿ ಕಿರಿಚಿಕೊಂಡನು. ಮರುದಿನ ಅಜ್ಜಿ ಅವನನ್ನು ತುರುವೇಕೆರೆ ಸೀಮೆಯ ವಿಘ್ನಸಂತೆಗೆ ಕರೆದುಕೊಂಡು ಹೋಗಿ, ಹೊಯ್ಸಳರ ಕಾಲದಲ್ಲಿ, 1286ರಲ್ಲಿ ಕಟ್ಟಿದ ಗುಡಿಯಲ್ಲಿ ಲಕ್ಷ್ಮೀಸಮೇತನಾಗಿರುವ ನರಸಿಂಹನನ್ನು ತೋರಿಸಿದರು. "ಇವನು ಅವನೇನಾ, ತಾತ?" ಎಂದು ಹುಡುಗ ಬಂದು ಕೇಳಿದನು. ಅವನೇ ಎಂದೆವು.

ಅವರು ಬೆಂಗಳೂರಿಗೆ ಹೊರಟ ದಿನ ಪಕ್ಕದ ತೋಟದ ಗೌಡರು ಜಗಲಿಗೆ ಬಂದು ಕುಳಿತು, "ಮಗನಿಗೆ ಅಲ್ಲಿ ಏನು ಕೆಲಸ ಸ್ವಾಮಿ?" ಎಂದು ಎಂದಿನಂತೆ ಕೇಳಿದರು.

"ಸಿಂಹದ ಕೇಸರ ಮಾಡುತ್ತಾನೆ" ಎಂದೆವು.

ಗೌಡರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ, ನಮ್ಮ ಮುಖವನ್ನು ನೋಡಿ, "ಕೂದಲಿಗೂ ಸಂಬಳ ಕೊಡುತ್ತಾರೆಯೇ?" ಎಂದರು. ಕೊಡುತ್ತಾರೆಂದೆವು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ಇನ್ನೂ ಎಷ್ಟು ತಿಂಗಳೆಂದು ಕೇಳಿ ಅವರು ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡರು.