ಪಾಲಾದ ನಾಡಿನ ಡ್ಯೂಕರು

ಪೋಲೆಂಡಿನ ಬ್ಝೆಗ್ ಪಟ್ಟಣದ ಅರಮನೆಯ ಹೆಬ್ಬಾಗಿಲ ಮುಂದೆ ನಿಂತು ಕತ್ತೆತ್ತಿ ನೋಡಿ. ಕಲ್ಲಿನ ತುಂಬ ಮುಖಗಳು! ಎರಡು ಸಾಲು, ಒಟ್ಟು 24. ಗಡ್ಡ, ಕಿರೀಟ, ಕವಚ, ಬಿಗಿದ ತುಟಿ. ಪೋಲೆಂಡನ್ನು ಆಳಿದ ಪಿಯಾಸ್ತ್ ವಂಶದ ರಾಜರು, ಅವರ ಜೊತೆಗೆ ಅದೇ ರಕ್ತದ ಸಿಲೇಸಿಯಾ ಸೀಮೆಯ ಡ್ಯೂಕರು. 16ನೇ ಶತಮಾನದಲ್ಲಿ ಇದನ್ನು ಕೆತ್ತಿಸಿದ ಡ್ಯೂಕ್ ಎರಡನೇ ಯೆಝಿ, ಹೆಂಡತಿ ಬಾರ್ಬರಾಳ ಜೊತೆ ಆಳೆತ್ತರದಲ್ಲಿ ಬಾಗಿಲ ಮೇಲೆಯೇ ನಿಂತುಬಿಟ್ಟಿದ್ದಾನೆ. ನೆಲ ಚಿಕ್ಕದಾದಷ್ಟೂ ವಂಶದ ಜಂಬ ದೊಡ್ಡದು.

ಇಷ್ಟೊಂದು ಡ್ಯೂಕರು ಎಲ್ಲಿಂದ ಬಂದರು? 1138ರಲ್ಲಿ ತೀರಿಕೊಂಡ ಪೋಲೆಂಡಿನ ದೊರೆ, ಸೊಟ್ಟಬಾಯಿ ಬೊಲೆಸ್ವಾಫ್, ರಾಜ್ಯವನ್ನು ಮಕ್ಕಳಿಗೆ ಹಂಚಿಹೋದ. ಹಿರಿಯನಿಗೆ ಸಿಲೇಸಿಯಾದ ಜೊತೆಗೆ ಕ್ರಾಕುವ್, ಎಲ್ಲರ ಮೇಲಿನ ಯಜಮಾನಿಕೆ. ಯಜಮಾನಿಕೆ ಉಳಿಯಲಿಲ್ಲ, ಜಗಳ ಉಳಿಯಿತು. ಅಣ್ಣತಮ್ಮಂದಿರ ಹೊಲ ಎಕರೆಯಿಂದ ಗುಂಟೆಗೆ ಇಳಿಯುವಂತೆ ಸಿಲೇಸಿಯಾ ತಲೆಮಾರಿಗೊಮ್ಮೆ ಹರಿದುಹೋಯಿತು.

ಓಡ್ರಾ ನದಿಯ ಜಾಡು ಹಿಡಿದು, ವ್ರೊಟ್ಸ್ವಾಫ್ ದಾಟಿ ಉತ್ತರಕ್ಕೆ ಬನ್ನಿ. ಹಸಿರು ದಿಬ್ಬಗಳ ನಡುವೆ ತ್ಶೆಬ್ನಿತ್ಸಾ. ಸಿಲೇಸಿಯಾದ ಡ್ಯೂಕ್ ಗಡ್ಡದ ಹೆನ್ರಿಕ್ 1202ರಲ್ಲಿ ಇಲ್ಲಿ ಸನ್ಯಾಸಿನಿಯರ ಮಠ ಕಟ್ಟಿಸಿದ. ಪ್ರಧಾನ ಪೀಠದ ಮುಂದೆ ಅವನದೇ ಸಮಾಧಿಯಿದೆ, ಆದರೆ ಮೇಣದಬತ್ತಿ ಹಿಡಿದ ಮುದುಕಿಯರು ಅತ್ತ ತಿರುಗುವುದೂ ಇಲ್ಲ. ಅವರ ಕಾಲು ನೇರ ಹೋಗುವುದು ಅವನ ಹೆಂಡತಿ ಯಾದ್ವಿಗಾಳ ಸಮಾಧಿಯ ಕಡೆಗೆ. ಚಳಿಯಲ್ಲೂ ಬರಿಗಾಲಲ್ಲಿ ನಡೆಯುತ್ತಿದ್ದ ಈ ಡಚೆಸ್ಸಿಗೆ ಗುರು ಚಪ್ಪಲಿ ತೊಡಲು ಅಪ್ಪಣೆ ಮಾಡಿದನಂತೆ. ಆಕೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳಂತೆ! 1267ರಲ್ಲಿ ಚರ್ಚು ಆಕೆಯನ್ನು ಸಂತಳೆಂದು ಸಾರಿತು.

ಈ ತಾಯಿಯ ದುಃಖ ಕಾಣಬೇಕಾದರೆ ಪಶ್ಚಿಮಕ್ಕೆ ಹೋಗಬೇಕು. ಲೆಗ್ನಿತ್ಸ್ಕ್ಯೆ ಪೊಲೆಯ ಬಯಲಲ್ಲಿ ಗಾಳಿ ಗೋಧಿಯ ಮೇಲೆ ಅಲೆ ಎಬ್ಬಿಸುತ್ತಿದೆ. 1241ರ ಏಪ್ರಿಲ್ 9ರಂದು ಇಲ್ಲಿ ಮಂಗೋಲರ ಕುದುರೆಗಳು ನುಗ್ಗಿದವು. ಯಾದ್ವಿಗಾಳ ಮಗ, ಧರ್ಮಿಷ್ಠ ಹೆನ್ರಿಕ್, ಸೋತು ಸತ್ತ. ಅವನ ತಲೆಯನ್ನು ಈಟಿಗೆ ಸಿಕ್ಕಿಸಿ ಲೆಗ್ನಿತ್ಸಾ ಕೋಟೆಯ ಮುಂದೆ ಮೆರೆಸಿದರೆಂದು ಹಳೆಯ ಬರಹಗಳು ಹೇಳುತ್ತವೆ. ಮುಂಡವನ್ನು ಗುರುತಿಸುವುದು ಹೇಗೆ? ಎಡಗಾಲಿನಲ್ಲಿದ್ದ ಆರು ಬೆರಳುಗಳಿಂದ ಎನ್ನುತ್ತದೆ ಐತಿಹ್ಯ. ಹೆಣ ಸಿಕ್ಕಿತೆನ್ನುವ ಜಾಗದ ಪುಟ್ಟ ಗೋಥಿಕ್ ಚರ್ಚು ಈಗ ಯುದ್ಧದ ವಸ್ತುಸಂಗ್ರಹಾಲಯ. ಎದುರಿಗೇ 18ನೇ ಶತಮಾನದ ಬರೋಕ್ ಚರ್ಚು. ಒಳಗೆ ಕಾಲಿಟ್ಟರೆ ಛಾವಣಿ ತುಂಬ ಕಾಸ್ಮಾಸ್ ಡಾಮಿಯನ್ ಆಸಾಮ್ ಬರೆದ ಮೋಡ, ಬಂಗಾರ, ಕೆಂಪು. ಸೋಲಿಗೆ ಇಷ್ಟು ಬಣ್ಣ ಬಳಿದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಕೊನೆಗೆ ಲೆಗ್ನಿತ್ಸಾ. ಸಂತ ಜಾನರ ಚರ್ಚಿನ ಗುಮ್ಮಟದ ಕೆಳಗೆ ಒಂದೇ ಕುಟುಂಬದ ಪ್ರತಿಮೆಗಳು. ಅದರಲ್ಲೊಬ್ಬ ಯೆಝಿ ವಿಲ್ಹೆಲ್ಮ್. ಸಿಡುಬು ತಗುಲಿ 1675ರಲ್ಲಿ ಸತ್ತಾಗ ಅವನಿಗೆ 15 ವರ್ಷ. ಈ ಮಂಟಪ ಕಟ್ಟಿಸಿದ್ದು ಅವನ ತಾಯಿ ಲೂಯಿಸಾ. ಕೊನೆಯ ಪಿಯಾಸ್ತ್ ಡ್ಯೂಕ್ ಅವನೇ. ನೆಲವೆಲ್ಲ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಶವಾಯಿತು.

ಕಿರೀಟ ತೊಟ್ಟ ಪಿಯಾಸ್ತರ ಸಾಲು 1370ಕ್ಕೇ ನಿಂತಿತ್ತು. ವಂಶವನ್ನು ಮತ್ತೆ ಮುನ್ನೂರು ವರ್ಷ ನಡೆಸಿದವರು ಈ ಚಿಲ್ಲರೆ ಡ್ಯೂಕರೇ. ಪೋಲೆಂಡಿಗೆ ಹೋದರೆ ಇರುವ ದಿನವನ್ನೆಲ್ಲ ಕ್ರಾಕುವ್‌ನಲ್ಲೇ ಕಳೆಯಬೇಡಿ. ವ್ರೊಟ್ಸ್ವಾಫ್‌ನಲ್ಲಿ ಇಳಿದು ಲೆಗ್ನಿತ್ಸಾದ ರೈಲು ಹತ್ತಿ.