ಕಾಲಡಿಯ ನಾದ

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಹಿರಿಯರು ನಮಗೆ ಕಲಿಸಿದ್ದಾರೆ. ವಾದ್ಯಕ್ಕೂ ಅದೇ ಮರ್ಯಾದೆ. ಹೀಗಿರುವಾಗ ನನ್ನ ಸೋದರಳಿಯನು ಕಳೆದ ದೀಪಾವಳಿಯ ರಜೆಯಲ್ಲಿ, ಧನಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಲೋಹದ ಪೆಟ್ಟಿಗೆಗಳನ್ನು ಸಾಲಾಗಿ ಇರಿಸಿ, ಅವನ್ನು ಒಂದೊಂದಾಗಿ ಪಾದದಿಂದ ಮೆಟ್ಟುತ್ತ ಗಿಟಾರು ನುಡಿಸತೊಡಗಿದನೆಂದರೆ ನನಗೆ ಹೇಗಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ನನ್ನ ಕೋಪಕ್ಕೆ ಮೂಲ ಸರಸ್ವತಿಯಲ್ಲ. ನನ್ನ ಅಕ್ಕನ ಓಲೆ. ಭಾವನವರು ತೀರಿಕೊಂಡ ಮೇಲೆ ಅವಳು ಹೊಲಿಗೆಯಿಂದಲೇ ಸಂಸಾರ ಸಾಗಿಸಿದವಳು. ಮಗನ ಬೆಂಗಳೂರಿನ ಕಾಲೇಜಿನ ಶುಲ್ಕಕ್ಕೆಂದು ಓಲೆಗಳನ್ನು ಕೊಳ್ಳೇಗಾಲದಲ್ಲಿ ಗಿರವಿ ಇಟ್ಟಿದ್ದಳು. ಆ ಹಣದಲ್ಲಿ ಹನ್ನೊಂದು ಸಾವಿರ ರೂಪಾಯಿ ಈ ಪೆಟ್ಟಿಗೆಗಳಾಗಿ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಿತ್ತು. “ನಾಲ್ಕು ಮಾತು ನೀನೇ ಹೇಳು ತಮ್ಮ. ನಾನು ಹೇಳಹೋದರೆ ಅಳು ಬರುತ್ತದೆ” ಎಂದು ಅಕ್ಕ ಹಿಂದಿನ ದಿನವೇ ನನ್ನಲ್ಲಿ ಹೇಳಿಕೊಂಡಿದ್ದಳು.

ಪಾಠ ಹೇಳುವ ವೃತ್ತಿಯವನಿಗೆ ಬೈಗುಳವೂ ಪೀಠಿಕೆಯಿಲ್ಲದೆ ಬಾರದು. “ಇದೇನಪ್ಪ ಇದು?” ಎಂದು ಆರಂಭಿಸಿದೆ. ಅದೇ ನನ್ನ ತಪ್ಪು. ಹುಡುಗ ಅದನ್ನು ನಿಜವಾದ ಪ್ರಶ್ನೆಯೆಂದು ತಿಳಿದು ಒಂದು ಗಂಟೆಯ ಕಾಲ ಉತ್ತರ ಹೇಳಿದ.

ಅವನ ಕೈಯಲ್ಲಿದ್ದುದು ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರು. ತಂತಿಯ ಕಂಪನವು ವಿದ್ಯುತ್ತಿನ ಅಲೆಯಾಗಿ ಮೊದಲು ಪೆಟ್ಟಿಗೆಗಳನ್ನು ಹೊಕ್ಕು, ಬಳಿಕ ಧ್ವನಿವರ್ಧಕವನ್ನು ಸೇರುತ್ತದೆ. ಮೊದಲನೆಯ ಪೆಟ್ಟಿಗೆ ಕಂಪ್ರೆಸರ್: ಜೋರಾದ ಮೀಟನ್ನು ತಗ್ಗಿಸಿ, ಮೆಲುವಾದುದನ್ನು ಎತ್ತಿ ಎರಡನ್ನೂ ಸಮೀಪಕ್ಕೆ ತರುವುದು ಅದರ ಕೆಲಸ. ಎರಡನೆಯದು ಫಜ್. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಂದು ಹಾಡಿನ ಮುದ್ರಣ ನಡೆದಿದ್ದಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ಎಂಬ ವಾದಕನ ಬೇಸ್ ಗಿಟಾರಿನ ದನಿ ಹರಿದ ಬಟ್ಟೆಯಂತೆ ಹೊರಟಿತಂತೆ. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಆ ಕೆಟ್ಟ ದನಿಯನ್ನು ಬೇಕೆಂದೇ ಹೊರಡಿಸುವ ಪೆಟ್ಟಿಗೆಯನ್ನು ಗಿಬ್ಸನ್ ಕಂಪನಿಯವರು 1962ರಲ್ಲಿ ಮಾರಾಟಕ್ಕೆ ತಂದರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಅದನ್ನು ತಮ್ಮ ಹಾಡೊಂದರಲ್ಲಿ ಬಳಸಿದ ಮೇಲಂತೂ ಅದಕ್ಕೆ ಜಗತ್ತಿನಾದ್ಯಂತ ಬೇಡಿಕೆ.

“ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ ಮಾವ. ಆಗ ಮೂಲಸ್ವರದ ಮೇಲೆ ಇನ್ನಷ್ಟು ಸ್ವರಗಳು ಹುಟ್ಟುತ್ತವೆ. ಆದರೆ ಬೇಸಿನಲ್ಲಿ ತಳದ ದನಿಯೇ ಕರಗಿಹೋಗುವ ಭಯ. ಅದಕ್ಕೆ ಶುದ್ಧವಾದ ದನಿಯನ್ನೂ ಜೊತೆಗೆ ಬೆರೆಸಿಕೊಳ್ಳಬೇಕು” ಎಂದು ವಿವರಿಸಿದ. ಮೂರನೆಯದು ಡಿಲೇ, ಎಂದರೆ ಪ್ರತಿಧ್ವನಿ. ಇದು ಫಜ್‌ನ ಅನಂತರವೇ ಬರಬೇಕು. ಮೊದಲೇ ಇಟ್ಟರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಜಜ್ಜಿಹೋಗಿ ಗೊಜ್ಜಾಗುತ್ತವೆ. ಸಂಧಿಕಾರ್ಯದಲ್ಲಿ ಪದಗಳ ಕ್ರಮ ತಪ್ಪಿಸುವ ನನ್ನ ವಿದ್ಯಾರ್ಥಿಗಳು ನೆನಪಿಗೆ ಬಂದರು.

“ದೇವರು ಕೊಟ್ಟ ನಾದ ಸಾಲದೇನು? ಅದನ್ನು ಕೆಡಿಸಿ ಕೇಳಬೇಕೆ?” ಎಂದು ಕೊನೆಗೂ ಗದರಿದೆ.

ಉತ್ತರ ಬಂದುದು ಅನಿರೀಕ್ಷಿತವಾದ ಕಡೆಯಿಂದ. ಮೈಸೂರಿನಲ್ಲಿ ಸಂಗೀತ ಕಲಿತ ನನ್ನ ಹೆಂಡತಿ ಒಳಗಿನಿಂದ ತಂಬೂರಿಯನ್ನು ತಂದು ಚಾಪೆಯ ಮೇಲೆ ಕುಳಿತಳು. ಕುದುರೆಯ ಮೇಲೆ ಹಾಯ್ದ ತಂತಿಗಳ ಅಡಿಯಲ್ಲಿದ್ದ ರೇಷ್ಮೆಯ ಎಳೆಗಳನ್ನು ತೆಗೆದುಹಾಕಿ ಮೀಟಿದಳು. ದನಿ ಮೊಂಡಾಗಿ ಎದ್ದು ಅಲ್ಲಿಯೇ ಸತ್ತಿತು. ಎಳೆಗಳನ್ನು ಮತ್ತೆ ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮೀಟುತ್ತಿದ್ದಂತೆ ಒಂದು ಬಿಂದುವಿನಲ್ಲಿ ತಂತಿ ಝೇಂಕರಿಸಿತು. ಜೇನುಹುಟ್ಟಿನಂತೆ ಮೇಲಿನ ಸ್ವರಗಳೆಲ್ಲ ತೆರೆದುಕೊಂಡವು.

“ಇದೂ ದೇವರು ಕೊಟ್ಟ ದನಿಗೆ ನಾವು ಸೇರಿಸಿದ್ದೇ. ನಾವು ಇದನ್ನು ಜೀವ ಎನ್ನುತ್ತೇವೆ” ಎಂದಳು. ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರು ತಂಬೂರಿಯ ಜೊತೆಗೆ ಗಗ್ಗರವನ್ನೂ ಝಣಝಣಿಸುವುದನ್ನು ಬಾಲ್ಯದಿಂದ ಕೇಳಿದವನು ನಾನು. ಅದು ನಾದದ ಶುದ್ಧಿಗೆ ಅಡ್ಡಿಯೆಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ.

ಸೋಲೊಪ್ಪದೆ ಕೊನೆಯ ಬಾಣವನ್ನು ಬಿಟ್ಟೆ. “ಆದರೂ ಕಾಲಿನಿಂದ ಮೆಟ್ಟುವುದೆ?”

ಬಾಗಿಲ ಬಳಿ ರವಿಕೆಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ ಅಕ್ಕ ತಲೆಯೆತ್ತದೆ ನುಡಿದಳು: “ನನ್ನ ಮಿಷನ್ನಿನ ಪೆಡಲನ್ನೂ ಕಾಲಿನಿಂದಲೇ ತುಳಿಯುವುದು ತಮ್ಮ. ಅದಕ್ಕೂ ಆಯುಧಪೂಜೆಯ ದಿನ ಹೂವು ಇಡುತ್ತೇನೆ.”

ಅವಳು ಮಗನ ಪರ ವಹಿಸಿದಳೆಂದು ನಾನು ತಿಳಿಯಲಿಲ್ಲ. ಅವಳ ಬರಿಯ ಕಿವಿಗಳು ನನಗೆ ಕಾಣುತ್ತಿದ್ದವು. ಹುಡುಗನೂ ಅವನ್ನೇ ನೋಡುತ್ತಿದ್ದ. ನನಗೆ ಬೇರೊಂದು ನೆನಪು ಚುಚ್ಚಿತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ, ಊಟದ ಬಾಕಿಗೆಂದು ಅಪ್ಪ ಕೊಟ್ಟ ಹಣದಲ್ಲಿ ಕಿಟ್ಟೆಲ್ ನಿಘಂಟನ್ನು ಕೊಂಡಿದ್ದೆ. ಅಪ್ಪನಿಗೆ ತಿಳಿಯದಂತೆ ಬಾಕಿಯನ್ನು ತೀರಿಸಿದವಳು ಇದೇ ಅಕ್ಕ, ಇದೇ ಹೊಲಿಗೆಯ ಹಣದಿಂದ. ಆ ನಿಘಂಟು ಈಗಲೂ ನನ್ನ ಮೇಜಿನ ಮೇಲಿದೆ. ಅವಳು ಅದನ್ನು ಒಮ್ಮೆಯೂ ಎತ್ತಿ ಆಡಿದವಳಲ್ಲ. ಆ ದಿನವೂ ಆಡಲಿಲ್ಲ. ಸಿದ್ಧಪಡಿಸಿಕೊಂಡಿದ್ದ ಭಾಷಣದ ಉಳಿದ ಭಾಗ ನನ್ನ ಗಂಟಲಿನಲ್ಲಿಯೇ ಉಳಿಯಿತು.

ಊಟವಾದ ಮೇಲೆ ಹುಡುಗ ತಾನಾಗಿಯೇ ನನ್ನ ಬಳಿಗೆ ಬಂದು, “ಎರಡನ್ನು ಮಾರಿಬಿಡುತ್ತೇನೆ ಮಾವ. ಫಜ್ ಒಂದು ಇರಲಿ” ಎಂದ. ಹಳೆಯ ಸಾಮಾನಿಗೆ ಕೊಟ್ಟ ಬೆಲೆ ಹುಟ್ಟುವುದಿಲ್ಲವಷ್ಟೆ. ಬೆಂಗಳೂರಿಗೆ ಮರಳಿ ಅವನು ಕಳುಹಿಸಿದ್ದು ಐದು ಸಾವಿರ. ಮಿಕ್ಕುದನ್ನು ನಾನು ಸೇರಿಸಿದೆ, ಹಳೆಯ ಸಾಲವೆಂದು ಅಕ್ಕನಿಗೆ ಹೇಳಿದಾಗ ಅವಳು “ಯಾವ ಸಾಲ?” ಎಂದಳು. ಸಂಕ್ರಾಂತಿಗೆ ಮುಂಚೆ ಓಲೆಗಳು ಮನೆಗೆ ಬಂದವು.

ದೀಪಾವಳಿ ಕಳೆದು ಅವನು ಬಸ್ಸಿಗೆ ಹೊರಡುವ ಬೆಳಿಗ್ಗೆ ನಡೆದ ಒಂದು ಮಾತನ್ನು ಮರೆತೆ. ಗಿಟಾರನ್ನು ಚೀಲಕ್ಕೆ ಸೇರಿಸುತ್ತಿದ್ದವನ ಬಳಿ ಅಕ್ಕ ಬಂದು ನಿಂತು, “ನಿಮ್ಮತ್ತೆಯ ತಂಬೂರಿಯ ಹಾಗೆ ಗುಂಯ್‌ಗುಟ್ಟುವ ಪೆಟ್ಟಿಗೆ ಯಾವುದೋ? ಅದನ್ನು ಇನ್ನೊಮ್ಮೆ ಹಾಕು” ಎಂದಳು. ಹುಡುಗ ಕಟ್ಟಿದ್ದನ್ನೆಲ್ಲ ಬಿಚ್ಚಿ, ತಂತಿಗಳನ್ನು ಮತ್ತೆ ಜೋಡಿಸಿದ. ಈ ಸಲ ಅದನ್ನು ಮೆಟ್ಟಲಿಲ್ಲ. ನೆಲಕ್ಕೆ ಮಂಡಿಯೂರಿ ಕೈಯಿಂದ ಒತ್ತಿದ.